ಮೇಲಿನಂತೆ

ಹೊಸಬರಿಗೆ ಗಂಟು ಎಂದರೇನು ಎಂದು ತಿಳಿಸುವಾಗ ನಾನು ರಂಗೋಲಿಯಿಂದ ಶುರುಮಾಡುತ್ತೇನೆ. ಹಲಗೆಯ ಮೇಲೆ ಒಂದೇ ಸಾಲು ಬರೆಯುತ್ತೇನೆ: ಸಂದು ಚುಕ್ಕಿ, ಹದಿನೈದರಿಂದ ಎಂಟಕ್ಕೆ. ಮುಂದೆ ಕೂತ ಹೆಂಗಸರಿಗೆ ಅಷ್ಟು ಸಾಕು. ಅವರ ಬೆರಳುಗಳು ತೊಡೆಯ ಮೇಲೆ ಆಗಲೇ ಚುಕ್ಕಿ ಇಡತೊಡಗುತ್ತವೆ. ಆ ಒಂದು ಸಾಲಿನೊಳಗೆ ನೂರ ಅರವತ್ತೊಂಬತ್ತು ಚುಕ್ಕಿಗಳಿವೆ. ಅಂಗಳದಲ್ಲಿ ಇಟ್ಟರೆ ಮಂಚದಷ್ಟು ಜಾಗ ಬೇಕು, ಪುಸ್ತಕದಲ್ಲಿ ಬೆರಳಿನಷ್ಟು ಸಾಕು.

ಮನುಷ್ಯರನ್ನೂ ನಮ್ಮ ಕೇಂದ್ರದಲ್ಲಿ ಹೀಗೆಯೇ ಬರೆದಿಡುತ್ತೇವೆ. ದೊಡ್ಡ ಆಪರೇಷನ್ನಿಗೆ ಮುಂಚೆ ತಲೆಗೆ ಬಲೆಯಂಥ ಟೊಪ್ಪಿಗೆ ಹಾಕಿ ನಾಲ್ಕು ತಾಸು ಕೂರಿಸಿದರೆ ಆ ತಲೆಯಲ್ಲಿರುವುದೆಲ್ಲ ಯಂತ್ರಕ್ಕೆ ಇಳಿಯುತ್ತದೆ. ಇಳಿದದ್ದನ್ನು ಹಾಗೇ ಇಟ್ಟರೆ ಒಬ್ಬೊಬ್ಬರಿಗೂ ಒಂದೊಂದು ಕೋಣೆಯಷ್ಟು ಯಂತ್ರ ಬೇಕಾಗುತ್ತದೆ. ಅದಕ್ಕೇ ಮಡಚುತ್ತೇವೆ. ಒಬ್ಬಾಕೆ ಹತ್ತು ಸಾವಿರ ಸಲ ರೊಟ್ಟಿ ಬಡಿದಿದ್ದರೆ ರೊಟ್ಟಿ ಬಡಿದದ್ದನ್ನು ಒಂದೇ ಸಲ ಬರೆದು, ಯಾವ ಯಾವ ದಿನ ಎಂದು ಪಕ್ಕದಲ್ಲಿ ಗುರುತು ಹಾಕುತ್ತೇವೆ. ಸರಕಾರಿ ಕಾಗದದಲ್ಲಿ ಇದಕ್ಕೆ ಉದ್ದದ ಹೆಸರಿದೆ. ಹುಬ್ಬಳ್ಳಿಯ ಜನ ಗಂಟು ಎನ್ನುತ್ತಾರೆ. ಕೇಂದ್ರಕ್ಕೆ ಗಂಟಿನ ಆಫೀಸು ಎನ್ನುತ್ತಾರೆ.

“ಮಡಚಿದ್ರ ಏನೂ ಕಳಿಯಂಗಿಲ್ಲೇನ್ರಿ?” ಆಪರೇಷನ್ನಿನಿಂದ ಏಳದವರ ಗಂಟನ್ನು ಮನೆಗೆ ಒಯ್ಯುವವರಿಗೆ ನಾನು ಪ್ರತಿ ಸೋಮವಾರ ನಡೆಸುವ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ.

“ಏನೂ ಕಳೆಯಂಗಿಲ್ರಿ. ಸೀರೆ ಮಡಚಿದ್ರ ಸಣ್ಣದಾಗತೈತಿ, ಹರಿಯಂಗಿಲ್ಲ,” ಎನ್ನುತ್ತೇನೆ, ಕೈಯಲ್ಲಿನ ಹಾಳೆ ನೋಡುತ್ತ. ಎದುರಿನವರ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ನಾನು ಎಲ್ಲವನ್ನೂ ಬರೆದುಕೊಂಡು ಬರುತ್ತೇನೆ. ಹಾಗೆ ಬರೆದ ಹಾಳೆಗಳೇ ಈಗ ಕೇಂದ್ರದವರು ಎಲ್ಲರಿಗೂ ಹಂಚುವ ಕೈಪಿಡಿಯಾಗಿವೆ.

“ನಮ್ಮ ಮನಿಯಾಕೀನ ಮಡಚಿದ್ರ ಒಂದ ಮಾತು ಉಳೀತೈತಿ ನೋಡವ್ವ,” ಎಂದ ಒಬ್ಬ ಮುದುಕ ಒಂದು ಸೋಮವಾರ. “‘ಮತ್ತ ಎಲ್ಲಿಗೆ ಹೊಂಟ್ರಿ.’” ಎಲ್ಲರೂ ನಕ್ಕರು. ಅವನೂ ನಕ್ಕ, ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡ.

ಆಮೇಲೆ ನಾನು ಮುಖ್ಯ ಪಾಠಕ್ಕೆ ಬರುತ್ತೇನೆ. ಗಂಟನ್ನು ನೋಡುವುದು ಎರಡು ಬಗೆ. ಒಂದು, ಇಣುಕುವುದು. ಪರದೆಯ ಮೇಲಿನ ಗಂಟಿನ ಚಿತ್ರವನ್ನು ಎರಡು ಸಲ ತಟ್ಟಿದರೆ ಯಂತ್ರ ಅದರ ಮೂಲೆಯನ್ನಷ್ಟೇ ಎತ್ತುತ್ತದೆ. ಒಳಗಿನವರು ಎಚ್ಚರಾಗುತ್ತಾರೆ, ಮಾತಾಡುತ್ತಾರೆ, ನಿಮ್ಮ ಮಾತಿಗೆ ಉತ್ತರ ಕೊಡುತ್ತಾರೆ. ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಮುಚ್ಚಿದ ಕೂಡಲೇ ಅಷ್ಟನ್ನೂ ಯಂತ್ರ ಗುಡಿಸಿಹಾಕುತ್ತದೆ. ಮರುದಿನ ತೆರೆದರೆ ಅವರು ಮತ್ತೆ ಟೊಪ್ಪಿಗೆ ಹಾಕಿಸಿಕೊಂಡ ಆ ದಿನದಿಂದಲೇ ಶುರುವಾಗುತ್ತಾರೆ. ನೀವು ನಿನ್ನೆ ಹೇಳಿದ್ದು ಅವರಿಗೆ ಮುಟ್ಟಿರುವುದಿಲ್ಲ.

ಎರಡನೆಯದು ಹರವುವುದು. ಕೇಂದ್ರದ ಯಂತ್ರದಲ್ಲಿ ಜಾಗ ಇದೆಯೇ ನೋಡಿ, ಮನೆಗೆ ಕೊಟ್ಟ ಗಂಟಿನ ಪೆಟ್ಟಿಗೆಯ ಮೊಹರು ಒಡೆದು, ಒಂದು ತಾಸು ಕಾಯಬೇಕು. ಆಮೇಲೆ ಅವರಿಗೆ ನೆನಪು ನಿಲ್ಲುತ್ತದೆ. ನಿನ್ನೆಯ ಮೇಲೆ ಇವತ್ತು ಕೂರುತ್ತದೆ. ಆದರೆ ಹರವಿದ ಮೇಲೆ ಗಂಟು ಉಳಿಯುವುದಿಲ್ಲ. ಒಬ್ಬ ಮನುಷ್ಯ ಎರಡು ಕಡೆ ಇರಬಾರದೆಂದು ಕಾಯಿದೆ ಇದೆ. ಆಡಿದ ಮಾತು ಆಡಿದ್ದೇ, ಹಿಂದಕ್ಕೆ ಹೋಗಲಿಕ್ಕಾಗದು.

ಕೈಪಿಡಿಯ ಮೂರನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ನಾನೇ ಬರೆದಿದ್ದೇನೆ: ಮೊದಲು ಹರವಿ, ಆಮೇಲೆ ಮಾತಾಡಿ. ಹೊಸಬರು ಮಾಡುವ ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇಣುಕಿ ನೋಡುವುದನ್ನೇ ಹರವಿದ್ದು ಎಂದು ತಿಳಿಯುವುದು.

ನಮ್ಮ ಮನೆಯಲ್ಲಿ ಆ ತಪ್ಪು ನೂರ ಹನ್ನೆರಡು ದಿನ ನಡೆಯಿತು.

*

ಅವ್ವನ ಹೃದಯದ ಕವಾಟ ಬದಲಿಸಬೇಕಿತ್ತು. ಹಿಂದಿನ ದಿನ ಟೊಪ್ಪಿಗೆ ಹಾಕಿಸಿದೆವು. ಕವಾಟ ಬದಲಾಯಿತು, ಅವ್ವ ಏಳಲಿಲ್ಲ. ಹೆಸರು ಗೌರವ್ವ, ವಯಸ್ಸು ಐವತ್ತೆರಡು.

ಮಡಚುವ ಕೋಣೆಯಲ್ಲಿ ಅವತ್ತು ನಾನಿರಬಾರದಿತ್ತು. “ಹೊರಗ ಕುಂದರ ಬೇ ನೀಲಾ, ನಾ ನೋಡ್ಕೋತೀನಿ,” ಎಂದರು ಕೇಂದ್ರದ ಮುಖ್ಯಸ್ಥೆ ಮುಲ್ಲಾ ಮೇಡಂ. ನಾನು ಹೋಗಲಿಲ್ಲ. ಬೇಡ ಎಂದೂ ಹೇಳಲಿಲ್ಲ, ಸುಮ್ಮನೆ ನಿಂತೆ. ನನ್ನ ಹಟವೆಲ್ಲ ಹೀಗೆಯೇ.

ಯಾರನ್ನೇ ಮಡಚಲಿ, ಯಂತ್ರ ಮೊದಲು ಒಂದು ಪಟ್ಟಿ ಮಾಡುತ್ತದೆ. ಆ ಜೀವದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಮೊದಲು, ಆಮೇಲೆ ಉಳಿದವು. ಪಟ್ಟಿ ಪರದೆಯ ಮೇಲೆ ಇಳಿಯಿತು.

ಒಂದು: “ಆತು ಬಿಡ್ರಿ” ಎಂಬ ಮಾತು, ಐವತ್ತೆಂಟು ಸಾವಿರದ ಮುನ್ನೂರ ಹನ್ನೊಂದು ಸಲ.

ಎರಡು: ಹೊರಬಾಗಿಲಿನಲ್ಲಿ ಚಪ್ಪಲಿ ಸಪ್ಪಳಕ್ಕೆ ಕೂತಲ್ಲಿಂದ ಎದ್ದು ನಿಲ್ಲುವುದು.

ಮೂರನೆಯದು ಸೆರಗಿಗೆ ಕೈ ಒರೆಸಿಕೊಳ್ಳುವುದು. ಮುಂದೆ ಓದಲಿಲ್ಲ.

“ಭಾಳ ಸಣ್ಣಗಾತಲ್ಲ ಬೇ,” ಎಂದರು ಮುಲ್ಲಾ ಮೇಡಂ. “ಬ್ಯಾಂಕಿನ್ಯಾಗ ಮೂವತ್ತು ವರ್ಷ ಠಸ್ಸೆ ಹೊಡದಾವನ ಗಂಟೂ ಇದರ ಮೂರು ಪಟ್ಟು ಇರತೈತಿ.” ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಕಂಡದ್ದನ್ನು ಹೇಳಿದರು. ಆಮೇಲೆ ಪರದೆಗೆ ಬೆರಳು ಇಟ್ಟು, “ಇದೇನಿದು, ಇಲ್ಲಿ ಉಬ್ಬೈತಿ?” ಎಂದರು.

ಆಯುಷ್ಯವನ್ನು ಗೆರೆಯಾಗಿ ತೋರಿಸಿದಾಗ ಮಡಚಲು ಬರುವ ಭಾಗ ದಾರದಂತೆ ಕಾಣುತ್ತದೆ, ಮಡಚಲು ಬಾರದ್ದು ಹಾವು ನುಂಗಿದ ಇಲಿಯಂತೆ ಉಬ್ಬುತ್ತದೆ. ಅವ್ವನ ದಾರದಲ್ಲಿ ಒಂದೇ ಉಬ್ಬು ಇತ್ತು. ಹದಿನೈದು ವರ್ಷದ ಹಿಂದಿನ ಹನ್ನೊಂದು ದಿನ. ಆ ಹನ್ನೊಂದು ದಿನ ಅಡುಗೆಮನೆಯ ಹನ್ನೊಂದು ವರ್ಷಕ್ಕಿಂತ ಹೆಚ್ಚು ಜಾಗ ತಿಂದಿತ್ತು.

ಅದೇನೆಂದು ನನಗೆ ಗೊತ್ತಿತ್ತು. ಮೇಡಂಗೆ ಹೇಳಲಿಲ್ಲ.

ನಾನು ಒಂಬತ್ತು ವರ್ಷದವಳಿದ್ದಾಗ ಅವ್ವ ಆಟೊ ಓಡಿಸುವುದನ್ನು ಕಲಿಯಲು ಹೋಗಿದ್ದಳು. ಹೆಂಗಸರಿಗೆಂದೇ ನಡೆದ ಶಿಬಿರ. ಅಪ್ಪ ಕೆಲಸಕ್ಕೆ ಹೋದ ಮೇಲೆ ಹೋಗಿ, ಬರುವ ಮುಂಚೆ ಬಂದಿರುತ್ತಿದ್ದಳು. ಒಂದು ದಿನ ನನ್ನನ್ನೂ ಹಿಂದೆ ಕೂರಿಸಿಕೊಂಡು ಮೈದಾನದಲ್ಲಿ ಸುತ್ತಿಸಿದ್ದಳು. ಸುತ್ತುವಾಗ ಅವಳು ಬಾಯಿತುಂಬ ಮಾತಾಡುತ್ತಿದ್ದಳು, ಎದುರಿಗೆ ಅಡ್ಡ ಬಂದ ಆಡಿಗೂ ಬೈದಳು. ಹನ್ನೊಂದನೆಯ ದಿನ ಅಪ್ಪ ಬೇಗ ಬಂದ. “ನಿಮ್ಮವ್ವ ಎಲ್ಲಿ?” ಎಂದು ಕೇಳಿದ. ನಾನು ಹೇಳಿದೆ.

ಅವ್ವ ಒಳಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಎಡಗಿವಿಯ ಮೇಲೆ ಏಟು ಬಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ಲೈಸೆನ್ಸಿನ ವೈದ್ಯಕೀಯ ತಪಾಸಣೆಯಲ್ಲಿ ಅವಳನ್ನು ವಾಪಸು ಕಳಿಸಿದರು. ನಮ್ಮ ಮನೆಯಲ್ಲಿ ಅದಕ್ಕೆ ‘ಕಿವಿ ಸೋರಿದ ವರ್ಷ’ ಎಂದು ಹೆಸರು. ಅವತ್ತಿನಿಂದ ನಾನು ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ ಕೊಡುತ್ತೇನೆ. ದಿನಚರಿ ಬರೆಯತೊಡಗಿದ್ದೂ ಆ ವರ್ಷವೇ.

*

ಅಪ್ಪ, ಚನ್ನವೀರಪ್ಪ, ಮೂವತ್ತನಾಲ್ಕು ವರ್ಷ ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ನುಗಳ ಸೀಲು ನೋಡುತ್ತಿದ್ದವನು. ಬಾಗಿಲಿಗೆ ಹಾಕಿದ ಸೀಸದ ಮುದ್ರೆ ಸರಿಯಿದೆಯೇ ಎಂದು ಮುಟ್ಟಿ ನೋಡಿ ಪುಸ್ತಕಕ್ಕೆ ಹಾಕುವುದು ಅವನ ಕೆಲಸ. ಒಳಗೆ ಸಿಮೆಂಟಿದೆಯೋ ಗೋಧಿಯಿದೆಯೋ ಅವನಿಗೆ ಬೇಕಿಲ್ಲ. “ಸೀಲ್ ಗಟ್ಟಿ ಇದ್ರ ಮಾಲು ಗಟ್ಟಿ” ಎಂಬುದು ಅವನ ಮಾತು. ನಿವೃತ್ತನಾದ ಮೇಲೆ ಉಪ್ಪಿನ ಪಾಕೀಟು ತಂದರೂ ಅಂಚು ಮುಟ್ಟಿ ನೋಡಿಯೇ ಒಳಗೆ ಇಡುತ್ತಾನೆ.

ಅವ್ವನ ಪೆಟ್ಟಿಗೆಯನ್ನು ಮನೆಗೆ ತಂದು ನಡುಮನೆಯ ಮೇಜಿನ ಮೇಲೆ ಇಟ್ಟವಳು ನಾನೇ. ಅವ್ವನ ದನಿಗೆ ಒಂದು ಜಾಳಿಗೆ, ನೋಡಲು ಒಂದು ಕಣ್ಣು, ನಮಗೆ ಒಂದು ಪರದೆ. ಅಷ್ಟೇ.

“ಹರವೋದು ಅಂದ್ರ ಸೀಲ್ ಒಡೀಬೇಕಾಗತೈತೇನು?” ಅಪ್ಪ ಕೇಳಿದ.

“ಹೂಂ.”

“ಒಡದ್ರ ಮತ್ತ ಹಾಕಾಕ ಬರತೈತೇನು?”

“ಇಲ್ಲ.”

“ಹಂಗಾರ ಒಡೀದನ ನೋಡೋಣ. ನಾ ಆಕೀನ ಜ್ವಾಕಿ ಮಾಡ್ತೀನಿ.” ಈಗಲಾದರೂ ಅವಳನ್ನು ಜೋಪಾನ ಮಾಡುತ್ತೇನೆ ಎಂಬ ಹಟ ಅವನ ದನಿಯಲ್ಲಿತ್ತು. ಕನ್ನಡಕ ಒರೆಸಿಕೊಳ್ಳಲು ಅವನು ಆಚೆ ತಿರುಗಿದ.

ಪರದೆಯಲ್ಲಿ ಹಳದಿ ಅಕ್ಷರಗಳು ಬಂದವು: ‘ನೀವು ಇಣುಕುತ್ತಿದ್ದೀರಿ. ಮುಚ್ಚಿದಾಗ ಇಲ್ಲಿ ನಡೆದದ್ದು ಉಳಿಯುವುದಿಲ್ಲ.’ ಕೆಳಗೆ ಚಿಕ್ಕ ಚೌಕ: ‘ಮತ್ತೆ ತೋರಿಸಬೇಡ.’ ಎಲ್ಲ ಮನೆಗಳಲ್ಲೂ ಆ ಚೌಕಕ್ಕೆ ಜನ ಓದದೆ ಗುರುತು ಹಾಕುತ್ತಾರೆ. ಹಾಗೆ ಮಾಡಬೇಡಿ ಎಂದು ನಾನು ಎಷ್ಟು ಸೋಮವಾರ ಹೇಳಿಲ್ಲ.

ನಾನು ಓದಿದೆ. ಆಮೇಲೆ ಗುರುತು ಹಾಕಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಬರುವಷ್ಟರಲ್ಲಿ ಹಳದಿ ಅಕ್ಷರ ಹೋಗಿದ್ದವು. ನಾನು ಅಡುಗೆಮನೆ ಬಾಗಿಲ ಹಿಂದೆ ಹೋಗಿ ನಿಂತೆ.

“ಆಪರೇಷನ್ ಮುಗೀತೇನ್ರಿ?” ಅವ್ವನ ದನಿ. ಸುಳ್ಳಲ್ಲ, ಅವಳದೇ. ವಾಕ್ಯದ ಕೊನೆಗೆ ಸ್ವಲ್ಪ ಕೆಳಗಿಳಿಯುವ ದನಿ.

“ಮುಗೀತು, ಗೌರಾ.”

“ನೀಲಾ ಎಲ್ಲಿ?”

“ಆಫೀಸಿಗೆ ಹೋಗ್ಯಾಳ,” ಎಂದ ಅಪ್ಪ, ನಾನಿದ್ದ ಬಾಗಿಲತ್ತ ಒಮ್ಮೆ ನೋಡಿ.

“ಉಂಡು ಹೋದಳೇನು?” ಆಮೇಲೆ ಅಂದಳು, “ರೀ, ನನ್ನ ಕೈ ನನಗ ಸಿಗವಲ್ಲವು.”

ಐದು ನಿಮಿಷದೊಳಗೆ ನಿಜ ಹೇಳಿಬಿಡಿ ಎಂದು ಕೈಪಿಡಿಯಲ್ಲಿ ಇದೆ. ಇಲ್ಲವಾದರೆ ಕೈಕಾಲು ಹುಡುಕಿ ಹುಡುಕಿ ಒಳಗಿನವರು ಗಾಬರಿಯಾಗುತ್ತಾರೆ. ಅಪ್ಪ ಹೇಳಿದ. ಹೇಳಲು ಅವನಿಗೆ ಮುಕ್ಕಾಲು ತಾಸು ಹಿಡಿಯಿತು. ಅವ್ವ ಅತ್ತಳು. ಉಸಿರಿಲ್ಲದವರ ಅಳು ಬೇರೆ ಥರ ಇರುತ್ತದೆ. ನಡುವೆ ಉಸಿರು ಎಳೆದುಕೊಳ್ಳುವುದು ಇರುವುದಿಲ್ಲ. ಒಂದೇ ಗೆರೆಯಾಗಿ ಹೋಗುತ್ತದೆ.

ಅವಳು ನಿಲ್ಲಿಸಿದ ಮೇಲೆ ಅಪ್ಪ ಹೇಳಿದ, “ಗೌರಾ, ಅವತ್ತು ನಾ ನಿನ್ನ ಕಿವೀ ಮ್ಯಾಲೆ ಹೊಡಿಬಾರದಿತ್ತು. ಹದಿನೈದು ವರ್ಷ ಆತು, ಬಾಯಿಗೆ ಬರಲಿಲ್ಲ. ತಪ್ಪಾತು ನಂದು.”

ಜಾಳಿಗೆಯಿಂದ ಅವ್ವ ಅಂದಳು, “ಆತು ಬಿಡ್ರಿ.”

ಅಪ್ಪ ಮೇಜಿಗೆ ತಲೆಯಿಟ್ಟು ಅತ್ತ. ಆಮೇಲೆ ಪೆಟ್ಟಿಗೆ ಮುಚ್ಚಿ, ಮುಖ ತೊಳೆದುಕೊಂಡು ಬಂದು ಮೂರು ರೊಟ್ಟಿ ಉಂಡ. ಅವ್ವ ಹೋದ ಮೇಲೆ ಅವನು ಹೊಟ್ಟೆತುಂಬ ಉಂಡದ್ದು ಅವತ್ತೇ.

ನಾನು ದಿನಚರಿಯಲ್ಲಿ ಅಷ್ಟನ್ನೂ ಬರೆದೆ. ಎರಡೂವರೆ ಪುಟ ಆಯಿತು.

*

ಮರುದಿನ ಬೆಳಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಯ ಮುಂದೆ ಕೂತ.

“ಆಪರೇಷನ್ ಮುಗೀತೇನ್ರಿ?”

ಅವನು ಗಾಬರಿಯಾಗುತ್ತಾನೆ, ಒಳಗೆ ಬಂದು ನನ್ನನ್ನು ಕೇಳುತ್ತಾನೆ, ಆಗ ಹೇಳೋಣ ಎಂದುಕೊಂಡಿದ್ದೆ. ಅವನು ಕೇಳಲಿಲ್ಲ. “ಮಂಪರ ಇನ್ನೂ ಇಳಿದಿಲ್ಲ ಆಕೀದು,” ಎಂದು ತಾನೇ ಅರ್ಥ ಮಾಡಿಕೊಂಡ. “ಲೋಡ್ ಆದ ಗಾಡಿ ಒಮ್ಮಿಗೇ ಓಡಂಗಿಲ್ಲ. ನಿಧಾನ ಪಿಕಪ್ ತಗೋತೈತಿ.” ಮತ್ತೆ ಮೊದಲಿನಿಂದ ಎಲ್ಲ ಹೇಳಿದ. ಅವ್ವ ತಾನು ಸತ್ತ ಸುದ್ದಿಯನ್ನು ಮತ್ತೆ ಕೇಳಿದಳು, ಮತ್ತೆ ಅತ್ತಳು, ಮತ್ತೆ ಅಂದಳು, “ಆತು ಬಿಡ್ರಿ.”

ಪಟ್ಟಿಯ ಮೊದಲನೆಯ ಸಾಲು. ಅವನಿಗೆ ಸಿಗುತ್ತಿದ್ದದ್ದು ಅದು, ಐವತ್ತೆಂಟು ಸಾವಿರ ಸಲ ಸಿಕ್ಕದ್ದೇ. ಸಾಂಬಾರಿಗೆ ಉಪ್ಪು ಹೆಚ್ಚಾದಾಗ ಅವನು ತಟ್ಟೆ ತಳ್ಳಿದ್ದಕ್ಕೂ ಅವಳು ಹೇಳಿದ್ದು ಅದನ್ನೇ. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಾಗ, ನಾನು ಮಾತಾಡುವವಳಲ್ಲ, ಅದಕ್ಕೆ ಎಂದು ಬರೆದಿದ್ದೇನೆ. ಆ ಸಾಲನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ನಿಜ ಏನೆಂದರೆ, ನನಗೆ ನೋಡಲು ಹಿತವಾಗುತ್ತಿತ್ತು. ನಳದ ಕೆಳಗೆ ತೂತುಕೊಡ ಇಟ್ಟು ತುಂಬುವುದನ್ನು ಕಾಯುತ್ತ ಕೂತವನನ್ನು ಕಿಟಕಿಯಿಂದ ನೋಡಿದಷ್ಟು ಹಿತ. ಅವನು ಬಗ್ಗುತ್ತಾನೆ, ಕ್ಷಮೆ ಕೇಳುತ್ತಾನೆ, ಅಳುತ್ತಾನೆ, ಅದು ಎಲ್ಲಿಯೂ ನಿಲ್ಲುವುದಿಲ್ಲ. ನಾಳೆ ಮತ್ತೆ ಬಗ್ಗಬೇಕು.

ಹತ್ತನೆಯ ದಿನದ ಹೊತ್ತಿಗೆ ದಿನಚರಿಯಲ್ಲಿ ಅರ್ಧ ಪುಟ ಸಾಕಾಯಿತು. ಹದಿನೇಳನೆಯ ದಿನ ಎರಡು ಸಾಲು. ಹದಿನೆಂಟನೆಯ ದಿನ ನಾನು ತಾರೀಕು ಹಾಕಿ ಅದರ ಮುಂದೆ ‘ಮೇಲಿನಂತೆ’ ಎಂದು ಬರೆದೆ. ಆಮೇಲೆ ದಿನವೂ ಅಷ್ಟೇ.

ಅಪ್ಪನೂ ಕಲಿತ. ಮೊದಲ ದಿನ ಮುಕ್ಕಾಲು ತಾಸು ಹಿಡಿದದ್ದು ಎರಡು ತಿಂಗಳಿಗೆ ಒಂಬತ್ತು ನಿಮಿಷಕ್ಕೆ ಇಳಿಯಿತು. “ಗೌರಾ, ನೀ ಹೋಗಿಬಿಟ್ಟಿ, ಇದು ಗಂಟು, ಅಳಬ್ಯಾಡ” ಎಂದು ಒಂದೇ ಉಸಿರಿನಲ್ಲಿ ಹೇಳಿ, ಅವಳು ಅಳುವಷ್ಟು ಹೊತ್ತು ಚಹಾ ಕುಡಿದು, ಅಳು ನಿಂತಾಗ ಕಪ್ಪು ಕೆಳಗಿಟ್ಟು ಕ್ಷಮೆ ಕೇಳುತ್ತಿದ್ದ. ಪಕ್ಕದ ಮನೆಯವರಿಗೆ ಹೇಳುತ್ತಿದ್ದ, “ದಿನಾ ನನ್ನ ತಪ್ಪು ಹೊಟ್ಟಿಗಿ ಹಾಕ್ಕೋತಾಳ್ರಿ. ಅಂಥಾ ಹೆಂಗಸು.” ಒಂದು ದಿನ ನನ್ನೆದುರೇ ಅಂದ, “ಇವತ್ತು ದನಿ ಸುಧಾರಿಸೈತಿ ಅಲ್ಲೇನು?”

ಸುಧಾರಿಸಿರಲಿಲ್ಲ. ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. “ಹೂಂ,” ಎಂದೆ.

*

ನೂರ ಹನ್ನೆರಡನೆಯ ದಿನ ತರಗತಿ ಮುಗಿದ ಮೇಲೆ ಮುಲ್ಲಾ ಮೇಡಂ ನನ್ನನ್ನು ಯಂತ್ರದ ಕೋಣೆಗೆ ಕರೆದರು. ಅಲ್ಲಿ ಒಂದು ಪರದೆಯಲ್ಲಿ ಊರಿನ ಎಲ್ಲ ಮನೆಗಳ ಗಂಟುಗಳೂ ಚುಕ್ಕಿಗಳಾಗಿ ಕಾಣುತ್ತವೆ. ಹರವಿದ್ದು ಹಸಿರು, ಮುಚ್ಚಿದ್ದು ಬಿಳಿ. ಒಂದು ಚುಕ್ಕಿಯ ಪಕ್ಕದಲ್ಲಿ ಅಂಕಿ ಇತ್ತು.

“ಇದು ಯಾರ ಮನಿ?”

ನಾನು ನೆಲ ನೋಡಿದೆ.

“ನೂರಾ ಹನ್ನೆರಡು ಸಲ ತಗದಾರ. ಒಮ್ಮಿಯೂ ಹರವಿಲ್ಲ. ಓದು ಬರಹ ಇಲ್ದವರ ಮನಿ ಇದ್ರ ನಾನ ಹೋಗಿ ಹೇಳಿ ಬರತಿದ್ದೆ. ಪುಸ್ತಕ ಬರದಾಕೀ ಮನಿಯಾಗ ಹಿಂಗಂದ್ರ?” ಅವರು ಕುರ್ಚಿ ಎಳೆದು ಕೂತರು. “ನಿಮ್ಮಪ್ಪಗ ಹೇಳಿಲ್ಲೇನು?”

“ಇಲ್ಲ.”

“ನಾಚಿಕಿಗೋ, ಬೇಕಂತನೋ?”

ನಾನು ಕೈಯಲ್ಲಿದ್ದ ತರಗತಿಯ ಹಾಳೆಗಳನ್ನು ಜೋಡಿಸತೊಡಗಿದೆ. ಅವರಿಗೆ ಉತ್ತರ ಸಿಕ್ಕಿತು.

“ನಿಮ್ಮಪ್ಪಗ ಏನ ಶಿಕ್ಷಾ ಕೊಡಾಕ ಹೊಂಟಿದ್ದೆವ್ವಾ ನೀನು, ಅದು ನಿಮ್ಮಿಬ್ಬರ ನಡುವಿಂದು, ನಾ ಕೇಳಂಗಿಲ್ಲ. ನಿಮ್ಮವ್ವಗ ಯಾಕ? ಆಕಿ ಏನ ಮಾಡಿದ್ಲು? ನೂರಾ ಹನ್ನೆರಡು ಸಲ ಆಕಿಗೆ ಸಾವು ಹೇಳೀರಿ. ಆಕಿ ಪ್ರತಿ ಸಲ ಮೊದಲ ಸಲ ಕೇಳ್ಯಾಳ.” ಅವರು ದನಿ ಏರಿಸಲೇ ಇಲ್ಲ. “ಗುಡಿಸಿ ಹಾಕತೈತಿ ಅಂದ್ರ ಆಗಿಲ್ಲ ಅಂತಲ್ಲ ಬೇ.”

ಕೇಶ್ವಾಪುರದ ನಮ್ಮ ಮನೆಯ ತನಕ ನಡೆದೇ ಹೋದೆ. ಅವ್ವನ ಅಳು ದಿನವೂ ನನ್ನ ಕಿವಿಗೆ ಬಿದ್ದಿತ್ತು. ಹದಿನೆಂಟನೆಯ ದಿನದಿಂದ ಅದು ಕುಕ್ಕರಿನ ಸೀಟಿಯಂತೆ ಒಂದು ಸದ್ದಾಗಿತ್ತು. ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗೊತ್ತಿತ್ತು, ನಿಂತಾಗ ನಾನು ಒಲೆ ಸಣ್ಣ ಮಾಡುತ್ತಿದ್ದೆ.

ಅಪ್ಪ ಶೇಂಗಾ ಸುಲಿಯುತ್ತ ಕೂತಿದ್ದ. ನಾನು ನಿಂತುಕೊಂಡೇ ಹೇಳಿದೆ. ಕೈಯಲ್ಲಿ ಹಾಳೆ ಇರಲಿಲ್ಲ, ಅದಕ್ಕೇ ತುಂಡು ತುಂಡಾಗಿ ಬಂತು. ಅಪ್ಪ ಮೊದಲು ನಕ್ಕ. ಆಮೇಲೆ ನಾನು ಕೈಪಿಡಿಯ ಮೂರನೆಯ ಪುಟ ತೆರೆದು ಅವನ ಮುಂದೆ ಇಟ್ಟೆ. ಓದಿದ. ಬೆರಳಿಟ್ಟು ಮತ್ತೆ ಓದಿದ.

“ಹಂಗಾರ ಆಕೀಗೆ ಒಂದೂ ಮುಟ್ಟಿಲ್ಲ?”

“ಇಲ್ಲ.”

“ಇವತ್ತಿಂದೂ?”

“ಇಲ್ಲಪ್ಪ.”

ಅವನು ಸುಲಿದ ಶೇಂಗಾ ಬೀಜಗಳನ್ನು ಸಿಪ್ಪೆಯ ಬುಟ್ಟಿಗೆ ಹಾಕಿದ. ಹಾಕಿದ್ದು ಅವನಿಗೆ ಗೊತ್ತಾಗಲಿಲ್ಲ. “ಇದು ನೀನ ಬರದದ್ದಲ್ಲೇನು?”

“ಹೂಂ.”

“ಬಾಗಿಲ ಹಿಂದ ನಿಂತು ದಿನಾ ಕೇಳತಿದ್ದೆಲ್ಲ?”

“ಹೂಂ.”

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಲೆಕ್ಕ ಸರಿಯಾಗುತ್ತಿತ್ತೇನೋ. ಅವನು ನನ್ನನ್ನು ನೋಡಿದ, ಎಂದೂ ತಪಾಸಣೆ ಮಾಡದೆ ಬಿಟ್ಟ ವ್ಯಾಗನ್ನನ್ನು ನೋಡಿದಂತೆ. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ಮುಂದೆ ಕೂತ. “ಒಡಿ,” ಎಂದ.

“ನೀವ ಒಡೀರಿ ಅಪ್ಪ. ಗಂಡನ ಬೆರಳ ಬೇಕು.”

ಅವನು ತೋರುಬೆರಳನ್ನು ಪಂಚೆಗೆ ಒರೆಸಿಕೊಂಡು ಪರದೆಯ ಮೇಲೆ ಒತ್ತಿದ. ಮೂವತ್ತನಾಲ್ಕು ವರ್ಷದಲ್ಲಿ ಅವನು ಒಡೆದ ಮೊದಲ ಸೀಲು ಅದು.

*

“ಆಪರೇಷನ್ ಮುಗೀತೇನ್ರಿ?”

ಅಪ್ಪ ಎಲ್ಲವನ್ನೂ ನಿಧಾನವಾಗಿ ಹೇಳಿದ. ಅವ್ವ ಅತ್ತಳು. ಅಪ್ಪ ಕ್ಷಮೆ ಕೇಳಿದ. “ಆತು ಬಿಡ್ರಿ,” ಎಂದಳು. ಅಪ್ಪ ನನ್ನತ್ತ ನೋಡಿದ. ಈಗ ಅದು ಉಳಿಯುತ್ತದೆ, ಅಲ್ಲವೇ ಎಂದು ಕೇಳಿದಂತಿತ್ತು ಆ ನೋಟ. ಪೆಟ್ಟಿಗೆಯನ್ನು ಯಾರೂ ಮುಚ್ಚಲಿಲ್ಲ.

ಮರುದಿನ ಅವನು ಮುಂದೆ ಹೋಗಿ ಕೂತಾಗ ಅವ್ವ ಆಪರೇಷನ್ ಎನ್ನಲಿಲ್ಲ. “ಬಂದ್ರೇನು,” ಎಂದಳು. ಅಪ್ಪನ ಮುಖದಲ್ಲಿ ಆ ಹೊತ್ತು ಕಂಡಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. ಅವನು ಯಾರ್ಡಿನ ಸುದ್ದಿ, ಕಾಯಿಪಲ್ಯೆಯ ಸುದ್ದಿ ಎಲ್ಲ ಹೇಳಿದ. ಅವಳು ಕೇಳಿದಳು. ಮರುದಿನವೂ ಕೇಳಿದಳು. ಮಾತು ಕಡಿಮೆಯಾಗಿತ್ತು. ಉಸಿರಾಡುವ ಕೆಲಸವಿಲ್ಲ, ರೊಟ್ಟಿಯ ಕೆಲಸವಿಲ್ಲ, ಚಪ್ಪಲಿ ಸದ್ದಿಗೆ ಏಳುವ ಕಾಲಿಲ್ಲ. ಅವಳಿಗೆ ಯೋಚನೆ ಮಾಡಲು ಮೊದಲ ಸಲ ಬಿಡುವು ಸಿಕ್ಕಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಅವಳೇ ಕರೆದಳು. “ರೀ. ಇಲ್ಲಿ ಒಂದು ಪಟ್ಟಿ ಕಾಣಾಕತ್ತೈತಿ ನನಗ.”

ಹರವಿದವರಿಗೆ ತಮ್ಮ ಗಂಟು ಯಾವಾಗ ಯಾವಾಗ ತೆರೆಯಿತು ಎಂದು ನೋಡುವ ಹಕ್ಕಿದೆ. ಕೈಪಿಡಿಯ ಕೊನೆಯ ಪುಟ.

“ನನ್ನ ನೂರಾ ಹನ್ನೆರಡು ಸಲ ಎಬ್ಬಿಸೀರಿ. ಏನ ಮಾಡಿದ್ರಿ?”

ಅಪ್ಪ ಮುಚ್ಚಿಡಲಿಲ್ಲ. ಅಷ್ಟು ಮಟ್ಟಿಗೆ ಅವನು ಒಳ್ಳೆಯವನಾಗಿದ್ದ. ದಿನವೂ ತಪ್ಪು ಒಪ್ಪಿಕೊಂಡೆ ಎಂದ, ಅವಳಿಗೆ ಮುಟ್ಟುವುದಿಲ್ಲ ಎಂದು ಗೊತ್ತಿರಲಿಲ್ಲ ಎಂದ.

“ನಾ ಏನಂದೆ?”

“ಆತು ಬಿಡ್ರಿ ಅಂದಿ. ನೂರಾ ಹನ್ನೆರಡು ಸಲಾನೂ ಅಂದಿ, ಗೌರಾ.”

“ಅನ್ನತೀನಿ ನಾ. ಯಾರು ಏನಂದ್ರೂ ಅನ್ನತೀನಿ. ಅದು ಬಾಯಿ ರೂಢಿರಿ. ಈಗ ನಾಕ ದಿನದಿಂದ ಕುಂತು ಯೋಚನಿ ಮಾಡಾಕತ್ತೀನಿ. ಆಗಿಲ್ಲ.”

“ಏನ ಆಗಿಲ್ಲ?”

“ಆಗಿಲ್ಲ ಬಿಡ್ರಿ. ನನಗ ಆ ಹನ್ನೊಂದು ದಿನ ಅಷ್ಟ ಚಂದ ನೆನಪದಾವು. ಉಳಿದದ್ದು ಯಾವ್ದು ನಿನ್ನೀದು ಯಾವ್ದು ಮೊನ್ನೀದು ತಿಳಿಯಂಗಿಲ್ಲ. ಅಷ್ಟ ಇತ್ತು ನನ್ನ ಹತ್ರ. ಅದನ್ನ ತಗೊಂಡ್ರಿ.”

ಅಪ್ಪನ ಕೈ ಮೇಜಿನ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು, ಸೀಲು ಹುಡುಕಿದಂತೆ. ಮುಚ್ಚಿದರೆ ಅಳಿಯಬಹುದೇನೋ ಎಂದು ಅವನಿಗೆ ಅನ್ನಿಸಿರಬೇಕು. ಅಳಿಯುವುದಿಲ್ಲ ಎಂದು ಈಗ ಅವನಿಗೂ ಗೊತ್ತು.

“ಗಂಟು ಬಿಚ್ಚಬೇಕು ಅಂತ ನಿಮಗ ಹೇಳಾವರು ಯಾರೂ ಇರಲಿಲ್ಲೇನು?” ಅವ್ವ ಕೇಳಿದಳು. “ನೀಲಾ ಅದ ಆಫೀಸಿನ್ಯಾಗ ಅದಾಳಲ್ಲ. ಆ ನೂರಾ ಹನ್ನೆರಡು ದಿನ ಆಕಿ ಎಲ್ಲಿದ್ಲು?”

ಅಪ್ಪ ಬಾಯಿ ತೆರೆಯುವ ಮುಂಚೆ ನಾನು ಬಾಗಿಲ ಹಿಂದಿನಿಂದ ಹೊರಬಂದೆ. “ಇಲ್ಲೇ ಇದ್ದೆ, ಅವ್ವ.”

ಪೆಟ್ಟಿಗೆಯ ಕಣ್ಣು ನನ್ನತ್ತ ತಿರುಗಿತು.

“ಗೊತ್ತಿತ್ತು ನಿನಗ?”

“ಹೂಂ.”

ಒಂಬತ್ತನೆಯ ವಯಸ್ಸಿನಲ್ಲಿ ಅವಳ ಬಗ್ಗೆ ಅಪ್ಪನಿಗೆ ಹೇಳಿದ್ದೆ. ಇಪ್ಪತ್ತನಾಲ್ಕರಲ್ಲಿ ಅಪ್ಪನಿಗೆ ಹೇಳದೆ ಬಿಟ್ಟೆ. ಎರಡು ಸಲವೂ ಏಟು ಬಿದ್ದದ್ದು ಅವಳಿಗೇ. ಇದನ್ನು ಹೇಳಬೇಕೆಂದಿದ್ದೆ, ಬರಲಿಲ್ಲ.

“ನೀ ಬರದಿಟ್ಟಿರತಿ,” ಎಂದಳು ಅವ್ವ. “ಸಣ್ಣಾಕಿ ಇದ್ದಾಗಿನಿಂದ ಬರೀತಿ. ತಗೊಂಬಾ. ಆ ನೂರಾ ಹನ್ನೆರಡು ದಿನ ನನಗೇನಾತು ಅನ್ನೋದು ನನಗ ಗೊತ್ತಿಲ್ಲ. ಓದು.”

ದಿನಚರಿ ತಂದೆ. ಮೊದಲ ದಿನದ ಎರಡೂವರೆ ಪುಟ ಓದಿದೆ. ಎರಡನೆಯದು, ಮೂರನೆಯದು. “ಜೋರಾಗಿ ಓದು, ನನಗ ಒಂದ ಕಿವಿ,” ಎಂದಳು. ಟೊಪ್ಪಿಗೆ ಆ ಕಿವುಡನ್ನೂ ಬಿಡದೆ ಇಳಿಸಿಕೊಂಡಿತ್ತು. ನಾನು ದನಿ ಏರಿಸಿದೆ. ಹದಿನೇಳನೆಯ ದಿನದ ಎರಡು ಸಾಲು ಓದಿ ಹಾಳೆ ತಿರುಗಿಸಿದೆ.

“ಹದಿನೆಂಟನೆಯ ದಿನ. ಮೇಲಿನಂತೆ. ಹತ್ತೊಂಬತ್ತನೆಯ ದಿನ. ಮೇಲಿನಂತೆ. ಇಪ್ಪತ್ತು—”

“ಏನದು?”

“ಹಿಂದಿನ ದಿನದ ಹಂಗ ಅಂತ ಅವ್ವ. ಎಲ್ಲ ಒಂದ ಥರ ಇತ್ತು, ಅದಕ್ಕ.”

“ಯಾರಿಗೆ ಒಂದ ಥರ ಇತ್ತು?”

ಆ ಪದದ ಮೇಲಿಟ್ಟಿದ್ದ ಬೆರಳನ್ನು ತೆಗೆದೆ.

“ಬಿಚ್ಚಿ ಓದು,” ಎಂದಳು. “ಒಂದೊಂದ ದಿನಾನೂ ಬಿಚ್ಚಿ ಓದು. ನಾ ಎದ್ದದ್ದು, ಕೇಳಿದ್ದು, ಅತ್ತದ್ದು. ನೀವೂ ಕುಂದರ್ರಿ,” ಎಂದಳು ಅಪ್ಪನಿಗೆ. ಅವನು ಅಷ್ಟರಲ್ಲಿ ಎದ್ದಿದ್ದ. ಕೂತ.

ನಾನು ಓದತೊಡಗಿದೆ. ಹಾಳೆಯಲ್ಲಿ ಇಲ್ಲದ್ದನ್ನು ಓದಬೇಕಿತ್ತು. ಹದಿನೆಂಟನೆಯ ದಿನ, ಅವ್ವ ಎಚ್ಚರಾದಳು, ಆಪರೇಷನ್ ಮುಗಿಯಿತೇ ಎಂದಳು, ನೀಲಾ ಎಲ್ಲಿ ಎಂದಳು, ಕೈ ಸಿಗುತ್ತಿಲ್ಲ ಎಂದಳು. ಹತ್ತೊಂಬತ್ತನೆಯ ದಿನ, ಅವ್ವ ಎಚ್ಚರಾದಳು. ಎಲ್ಲಿಯಾದರೂ ಅಳುವನ್ನು ಬಿಟ್ಟು ಮುಂದೆ ಹೋದರೆ ಅವಳು ನಿಲ್ಲಿಸುತ್ತಿದ್ದಳು. “ಅಳೋದು ಬಿಟ್ಟಿ.” ನಾನು ಹಿಂದೆ ಹೋಗಿ ಅದನ್ನು ಸೇರಿಸಿ ಓದುತ್ತಿದ್ದೆ. ಜೀವಮಾನದಲ್ಲಿ ನಾನು ಇಷ್ಟು ಹೊತ್ತು ಮಾತಾಡಿರಲಿಲ್ಲ. ಮೂವತ್ತು ದಾಟುವ ಹೊತ್ತಿಗೆ ಗಂಟಲು ಒಣಗಿತು. ಅಪ್ಪ, “ಸಾಕು ಮಾಡು ಗೌರಾ, ಕೈ ಮುಗೀತೀನಿ,” ಎಂದ.

“ನೀವು ಸುಮ್ಮನಿರ್ರಿ,” ಎಂದಳು ಅವ್ವ. ಆ ಮಾತು ಅವಳ ಪಟ್ಟಿಯಲ್ಲಿ ಎಲ್ಲಿಯೂ ಇದ್ದಿರಲಾರದು.

ಅಪ್ಪ ಎರಡೂ ಅಂಗೈಗಳನ್ನು ಕಿವಿಗಳ ಮೇಲೆ ಒಯ್ದ, ಮುಚ್ಚಿಕೊಳ್ಳಲಾಗದೆ ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ. ನಾನು ಹಾಳೆ ತಿರುಗಿಸಿದೆ.

“ಐವತ್ಮೂರನೆಯ ದಿನ,” ಎಂದು ಓದಿದೆ. “ಅವ್ವ ಎಚ್ಚರಾದಳು. ಆಪರೇಷನ್ ಮುಗಿಯಿತೇ ಎಂದು ಕೇಳಿದಳು. ನೀಲಾ ಎಲ್ಲಿ ಎಂದು ಕೇಳಿದಳು. ನೀಲಾ ಬಾಗಿಲ ಹಿಂದೆ ನಿಂತಿದ್ದಳು.”